ಬೆಂಗಳೂರು ಸುತ್ತಮುತ್ತ ತಾನಾಗೇ ಬೆಳೆಯೋ ಗಿಡಗಳು, ಅವುಗಳ ಜಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಡ ನೋಡೋಕೆ ಅಂತ ನಮ್ ಜೊತೆ ಭಾನುವಾರ ಬರೋರು, ಫೋಟೋ ಕಳ್ಸಿ ಹೆಸ್ರು ಕೇಳೋರು, ಮನೆ ಮುಂದೆ ಏನು ಹಾಕ್ಲಿ ಅನ್ನೋರು, ಎಲ್ರೂ ಹೆಚ್ಚುಕಮ್ಮಿ ಇವನ್ನೇ ಕೇಳ್ತಾರೆ, ಅದಕ್ಕೇ ಒಂದೇ ಕಡೆ ಬರೆದಿಟ್ಟಿದೀನಿ. ಎಲ್ಲಾ ಉತ್ತರದಲ್ಲೂ ಒಂದು ಮಾತು ತಿರುಗಿ ತಿರುಗಿ ಬರುತ್ತೆ: ಗಿಡಕ್ಕಿಂತ ಮುಂಚೆ ಅದು ನಿಂತಿರೋ ಜಾಗ ನೋಡಿ. ಕಲ್ಲಾ, ಮಣ್ಣಾ, ನೀರು ನಿಲ್ಲುತ್ತಾ, ಬಿಸಿಲು ಎಷ್ಟು, ದನ ಮೇಯುತ್ತಾ. ಅದು ಗೊತ್ತಾದ್ರೆ ಅರ್ಧ ಪ್ರಶ್ನೆ ಅಲ್ಲೇ ಮುಗ್ದೋಗುತ್ತೆ.

ಕಾಡು ಗಿಡ ಅಂದ್ರೆ ಕಾಡಲ್ಲೇ ಇರ್ಬೇಕಾ?

ಹಾಗೇನಿಲ್ಲ. ಯಾರೂ ನೆಡದೆ, ನೀರು ಹಾಕದೆ, ತಾನಾಗೇ ಹುಟ್ಟಿ ಬೀಜ ಉದುರಿಸಿ ಮುಂದಿನ ಮಳೆಗೆ ಮತ್ತೆ ಬರೋದೆಲ್ಲಾ ಕಾಡು ಗಿಡಾನೇ. ಮೋರಿ ಅಂಚಲ್ಲಿರೋ ತುಂಬೆ, ಬೇಲಿ ಸಾಲಲ್ಲಿರೋ ಉತ್ತರಾಣಿ, ಖಾಲಿ ಸೈಟಲ್ಲಿರೋ ಎಕ್ಕ ಇವೆಲ್ಲ ಅದೇ ಲೆಕ್ಕ. ಆದ್ರೆ ತಾನಾಗೇ ಬೆಳೆದಿದ್ದೆಲ್ಲಾ ಈ ನೆಲದ್ದು ಅಂತ ಹೇಳಕ್ಕಾಗಲ್ಲ. ಲಂಟಾನಾನೂ ತಾನಾಗೇ ಬೆಳೆಯುತ್ತೆ, ಅದರ ತವರು ಅಮೆರಿಕ ಖಂಡದ ಬಿಸಿ ಸೀಮೆ. ಇನ್ನು ಕೆಲವು ಗಿಡ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದೆ ಒಂದೇ ಸೀಮೆಗೆ ಅಂಟ್ಕೊಂಡಿರ್ತವೆ, ಪಶ್ಚಿಮ ಘಟ್ಟದಲ್ಲಿ ಅಂಥವು ಬಹಳ, ನಮ್ ಬಯಲು ಸೀಮೇಲಿ ಕಮ್ಮಿ.

ಊರು ಕಟ್ಟೋಕೆ ಮುಂಚೆ ಬೆಂಗಳೂರಲ್ಲಿ ದಟ್ಟ ಕಾಡಿತ್ತಾ?

ತುಂಬಾ ಜನ ಹಾಗೇ ಅನ್ಕೊಂಡಿದಾರೆ, ಗಾರ್ಡನ್ ಸಿಟಿ ಅನ್ನೋ ಹೆಸ್ರು ಕೇಳಿ ಕೇಳಿ. ಇದು ದಖ್ಖನ್ ಪ್ರಸ್ಥಭೂಮಿ ಮೇಲಿನ ಊರು, ಎತ್ತರ ಸುಮಾರು 900 ಮೀಟರ್, ವರ್ಷದ ಮಳೆ ಸಾವಿರ ಮಿಲಿಮೀಟರ್ ಒಳಗೇ. ಆಗುಂಬೆಗೆ ಇದರ ಏಳೆಂಟು ಪಟ್ಟು ಬೀಳುತ್ತೆ. ಇಷ್ಟು ಮಳೇಲಿ ಇಲ್ಲಿ ಸಹಜವಾಗಿ ಬರೋದು ಕುರುಚಲು ಕಾಡು, ಬೇಸಿಗೇಲಿ ಎಲೆ ಉದುರಿಸೋ ಮರಗಳು, ಮಧ್ಯೆ ಮಧ್ಯೆ ಹುಲ್ಲು ಬಯಲು, ಬಂಡೆ. ಚುಜ್ಜಲು, ದಿಂಡಿಗ, ಮುತ್ತುಗ, ಜಾಲಿ, ಹೊಂಗೆ, ಕಕ್ಕೆ, ತಾರೆ, ಕೆಳಗೆ ಕಾರೆ, ಕವಳೆ, ಬಂದರಿಕೆ, ಆವರಿಕೆ, ಎಲಚಿ. ಹೆಚ್ಚಿನವಕ್ಕೆ ಮುಳ್ಳು ಇಲ್ಲಾ ಚಿಕ್ಕ ಎಲೆ ಇಲ್ಲಾ ಅಂಟಂಟು ಎಲೆ, ಯಾಕಂದ್ರೆ ಆರು ತಿಂಗಳು ನೀರಿಲ್ಲದೆ ಬದುಕ್ಬೇಕು ಜೊತೆಗೆ ಮೇಕೆ ಬಾಯಿಂದಾನೂ ತಪ್ಪಿಸ್ಕೋಬೇಕು. ಈ ಕಾಡು ಈಗ್ಲೂ ನೋಡ್ಬೇಕಂದ್ರೆ ಬನ್ನೇರುಘಟ್ಟದ ಕಡೆ, ಮಾಗಡಿ ಹತ್ರ ಸಾವನದುರ್ಗದ ಬುಡದಲ್ಲಿ, ತುಮಕೂರಿನ ದೇವರಾಯನದುರ್ಗದಲ್ಲಿ ಚೆನ್ನಾಗಿ ಕಾಣುತ್ತೆ. ಊರೊಳಗೆ ತುರಹಳ್ಳಿಲಿ ಅದರ ಒಂದು ಚೂರು ಉಳಿದಿದೆ, ಅಲ್ಲೂ ನಡುವೆ ನೀಲಗಿರಿ ನೆಟ್ಟಿದಾರೆ. ಮಾರ್ಚಲ್ಲಿ ಹೋಗಿ ಕಾಡು ಸತ್ತೋಗಿದೆ ಅಂದ್ರೆ ನಂಗೆ ಬೇಜಾರಾಗುತ್ತೆ, ಎಲೆ ಉದುರಿಸೋದೇ ಆ ಮರಗಳ ಬದುಕೋ ದಾರಿ.

ರಸ್ತೆಲಿ ಹೂ ಬಿಡೋ ಮರಗಳು ನಮ್ಮವಲ್ವಾ?

ಕಣ್ಣಿಗೆ ರಾಚೋ ಹಾಗೆ ಹೂ ಬಿಡೋವು ಬಹುಪಾಲು ಹೊರಗಿನವು. ಪಿಂಕ್ ಟಬೆಬುಯಾ ಮೆಕ್ಸಿಕೋಯಿಂದ ದಕ್ಷಿಣ ಅಮೆರಿಕದ ಉತ್ತರದವರೆಗಿನದು, ಗುಲ್‌ಮೊಹರ್ ಮಡಗಾಸ್ಕರಿಂದು, ರೇನ್ ಟ್ರೀ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಜಕರಂದಾ ಅರ್ಜೆಂಟೀನಾ ಬೊಲಿವಿಯಾ ಕಡೇದು, ನಮ್ಮಲ್ಲಿ ಬೀದಿ ಬೀದಿಗೆ ಇರೋ ಈ ಮರ ತನ್ನ ತವರಲ್ಲಿ ಕಾಡು ಕಡಿದು ಹೊಲ ಮಾಡ್ತಿರೋದ್ರಿಂದ ಅಪಾಯದಲ್ಲಿದೆ ಅಂತ ಐಯುಸಿಎನ್ (ಜೀವಿಗಳ ಅಳಿವಿನ ಅಪಾಯ ಲೆಕ್ಕ ಹಾಕೋ ಅಂತರರಾಷ್ಟ್ರೀಯ ಸಂಸ್ಥೆ) ಪಟ್ಟಿ ಹೇಳುತ್ತೆ.

1908ರಲ್ಲಿ ಲಾಲ್‌ಬಾಗ್ ಕೆಲ್ಸಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷದ ಯಾವ ತಿಂಗಳಲ್ಲೂ ಊರಲ್ಲಿ ಯಾವುದಾದ್ರೂ ಒಂದು ಮರ ಹೂ ಬಿಟ್ಟಿರ್ಬೇಕು ಅನ್ನೋ ಲೆಕ್ಕದಲ್ಲಿ ಮರ ನೆಡ್ಸಿದ್ರು, ಅದರ ಫಲಾನೇ ನಾವು ನೋಡ್ತಿರೋದು. ಇವು ನೆರಳು ಕೊಟ್ಟಿವೆ, ಊರಿಗೆ ಚೆಂದ ಕೊಟ್ಟಿವೆ, ಇವನ್ನ ಕಡೀರಿ ಅಂತ ನಾನು ಯಾವತ್ತೂ ಹೇಳಲ್ಲ. ಹೊಸದಾಗಿ ನೆಡೋವಾಗ ಮಾತ್ರ ಹೊಂಗೆ, ಕಕ್ಕೆ, ಮುತ್ತುಗ ಯಾಕೆ ನೆನಪಾಗಲ್ಲ ಅನ್ನೋದು ನನ್ನ ಪ್ರಶ್ನೆ. ಏಪ್ರಿಲ್ ಮೇನಲ್ಲಿ ಕಕ್ಕೆ ಹಳದಿ ಗೊಂಚಲು ಬಿಟ್ಟಾಗ ಯಾವ ವಿದೇಶಿ ಮರಾನೂ ಅದರ ಪಕ್ಕ ನಿಲ್ಲಲ್ಲ.

ಹುಣಸೆ ಮರ ಅಂತೂ ನಮ್ದೇ ಅಲ್ವಾ?

ಅದು ಮೂಲದಲ್ಲಿ ಆಫ್ರಿಕಾದ್ದು. ಬಹಳ ಹಿಂದೇನೇ ಬಂದು ನೆಲೆ ನಿಂತಿದೆ. ದೇವನಹಳ್ಳಿ ಹತ್ರ ನಲ್ಲೂರಲ್ಲಿ 54 ಎಕರೆ ಹುಣಸೆ ತೋಪಿದೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು ಅದೇ, ಆ ಮುದಿ ಮರಗಳ ಪೊಟರೆ ನೋಡಿದ್ರೆ ಬಿಟ್ಟು ಬರೋಕೆ ಮನಸ್ಸಾಗಲ್ಲ. ಹೊರಗಿಂದು ಅಂದ ತಕ್ಷಣ ಕೆಟ್ಟದ್ದು ಅಂತ ಅನ್ಕೋಬೇಡಿ. ಹುಣಸೆ ಇಲ್ಲಿನ ಬೇರೆ ಗಿಡಗಳನ್ನ ತುಳಿದು ಹಬ್ಬಲಿಲ್ಲ. ಲಂಟಾನಾ, ಬಳ್ಳಾರಿ ಜಾಲಿ ಹಬ್ಬಿದ್ವು. ನೋಡ್ಬೇಕಾಗಿರೋದು ಆ ವ್ಯತ್ಯಾಸಾನ. ಬೇವು ಮಾತ್ರ ನಮ್ದೇ, ಭಾರತ ಮತ್ತೆ ಮ್ಯಾನ್ಮಾರ್ ಸೀಮೆಯದು.

ಬಂಡೆ ಮೇಲೆ ಏನಿರುತ್ತೆ ನೋಡೋಕೆ? ಬರೀ ಕಲ್ಲಲ್ವಾ?

ನಾನು ಗಂಟೆಗಟ್ಲೆ ಮಾತಾಡೋ ವಿಷಯ ಇದು. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೇದು, ರಾಮನಗರ, ಸಾವನದುರ್ಗದ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು. ಬಂಡೆ ಮೇಲೆ ಮಣ್ಣು ಅಂದ್ರೆ ಬೆರಳು ದಪ್ಪ, ಬೇಸಿಗೆಲಿ ಕಾಲಿಡಕ್ಕಾಗದಷ್ಟು ಕಾಯುತ್ತೆ, ಮಳೇಲಿ ನೀರು ಒಸರ್ತಾ ಇರುತ್ತೆ, ಒಂದೇ ಜಾಗ ವರ್ಷದಲ್ಲಿ ಮರಳುಗಾಡೂ ಆಗುತ್ತೆ ಜೌಗೂ ಆಗುತ್ತೆ. ಇದನ್ನ ತಡ್ಕೊಳ್ಳೋ ಗಿಡಗಳು ಕೆಲವೇ. ಟ್ರೈಪೋಗನ್ ಅಂತ ಒಂದು ಗಿಡ್ಡ ಹುಲ್ಲಿದೆ, ಫೆಬ್ರವರಿಲಿ ಮುಟ್ಟಿದ್ರೆ ಪುಡಿ ಆಗೋ ಹಾಗೆ ಒಣಗಿರುತ್ತೆ, ಮೊದಲ ಮಳೆ ಬಿದ್ದು ಒಂದೆರಡು ದಿನದಲ್ಲಿ ಅದೇ ಎಲೆ ಹಸಿರಾಗುತ್ತೆ, ಹೊಸ ಎಲೆ ಅಲ್ಲ, ಒಣಗಿದ್ದ ಎಲೇನೇ ಜೀವ ಪಡೆಯುತ್ತೆ. ಸೆಲಾಜಿನೆಲ್ಲಾನೂ ಹಾಗೇ, ಒಣಗಿದಾಗ ಮುಷ್ಟಿ ಹಿಡಿದು ಕೂತಿರುತ್ತೆ ನೀರು ಬಿದ್ರೆ ಬಿಚ್ಕೊಳ್ಳುತ್ತೆ, ದೇವಸ್ಥಾನದ ಮುಂದೆ ಸಂಜೀವಿನಿ ಅಂತ ಮಾರ್ತಾರಲ್ಲ ಅದೇ ಜಾತಿ. ಬಂಡೆ ಬಿರುಕಲ್ಲಿ ಕಳ್ಳಿ, ಎಲೆನೇ ಇಲ್ಲದ ಸೋಮಲತೆ ಬಳ್ಳಿ, ಗುಂಡಿಗಳಲ್ಲಿ ನಿಂತ ನೀರಲ್ಲಿ ಕೆಲವೇ ವಾರ ಬದುಕೋ ಸಣ್ಣ ಸಣ್ಣ ಗಿಡಗಳು.

ಬಂಡೆ ಹತ್ತೋರಿಗೆ ಒಂದು ಬೇಡಿಕೆ: ಹಸಿರು ಚಾಪೆ ಥರ ಕಾಣೋ ಜಾಗದ ಮೇಲೆ ಕಾಲಿಡ್ಬೇಡಿ, ಬರೀ ಕಲ್ಲಿನ ಮೇಲೆ ನಡೀರಿ. ಆ ಬೆರಳು ದಪ್ಪ ಮಣ್ಣು ಕೂಡೋಕೆ ಎಷ್ಟು ಕಾಲ ಬೇಕಾಯ್ತೋ, ಕಿತ್ತು ಬರೋಕೆ ಒಂದು ಶೂ ಸಾಕು. ಕಲ್ಲುಕೋರೆ ಮಾಡಿದ್ರಂತೂ ಕಥೆ ಮುಗೀತು, ಗಿಡ ಬೇರೆ ಕಡೆ ನೆಡಬಹುದು, ಬಂಡೇನ ನೆಡಕ್ಕಾಗಲ್ಲ.

ಹುಳ ತಿನ್ನೋ ಗಿಡ ನಮ್ ಕಡೆ ಇದ್ಯಾ?

ಇದೆ. ಡ್ರೊಸೆರಾ ಜಾತಿಯವು ಹೆಸರಘಟ್ಟದ ಹುಲ್ಲುಗಾವಲಲ್ಲಿ, ಬಂಡೆ ಬುಡದ ಜೌಗಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ ಸಿಗ್ತವೆ, ಒಂದು ಜಾತಿ ರೂಪಾಯಿ ಕಾಯಿನ್ ಅಗಲಕ್ಕೆ ನೆಲಕ್ಕೆ ಅಂಟ್ಕೊಂಡು ಕೆಂಪಗೆ ಇರುತ್ತೆ, ಎಲೆ ಮೇಲಿನ ಕೂದಲ ತುದೀಲಿ ಅಂಟು ಹನಿ, ಸಣ್ಣ ನೊಣ ಕೂತ್ರೆ ಮತ್ತೆ ಏಳಲ್ಲ. ಅದರ ಪಕ್ಕದಲ್ಲೇ ಯುಟ್ರಿಕ್ಯುಲೇರಿಯಾ ಇರಬಹುದು, ಮೇಲೆ ಪುಟ್ಟ ಹೂ, ಮಣ್ಣೊಳಗೆ ಸಣ್ಣ ಚೀಲಗಳು, ನೀರಲ್ಲಿರೋ ಸೂಕ್ಷ್ಮ ಹುಳಾನ ಒಳಗೆ ಎಳ್ಕೊಳ್ಳುತ್ತೆ. ಆ ಮಣ್ಣಲ್ಲಿ ಸಾರಜನಕ ತೀರಾ ಕಮ್ಮಿ, ಅದಕ್ಕೇ ಹುಳ ಹಿಡಿಯೋದು. ಮನೆಗೆ ತಂದು ಗೊಬ್ಬರದ ಮಣ್ಣಿಗೆ ಹಾಕಿದ್ರೆ ಬದುಕಲ್ಲ. ನೋಡ್ಬೇಕಂದ್ರೆ ಮೊಣಕಾಲೂರಿ ಕೂರ್ಬೇಕು, ನಿಂತ್ಕೊಂಡು ನೋಡಿದ್ರೆ ಕಾಣೋದೇ ಇಲ್ಲ.

ಹೆಸರಘಟ್ಟ ಖಾಲಿ ಬಿದ್ದಿದ್ಯಲ್ಲ, ಅಲ್ಲಿ ಮರ ನೆಡ್ಬಾರ್ದಾ?

ದಯವಿಟ್ಟು ಬೇಡ. ಪ್ರತಿ ಜೂನಲ್ಲಿ ಯಾವ್ದಾದ್ರೂ ಆಫೀಸಿನ ತಂಡ ಒಳ್ಳೆ ಮನಸ್ಸಿಂದಾನೇ ಇದನ್ನ ಕೇಳುತ್ತೆ. ಸುಮಾರು ಐದು ಸಾವಿರ ಎಕರೆಯ ಆ ಬಯಲು ಖಾಲಿ ಅಲ್ಲ, ಊರಿಗೆ ಇಷ್ಟು ಹತ್ರ ಉಳಿದಿರೋ ದೊಡ್ಡ ಹುಲ್ಲುಗಾವಲು ಅದು. ಹುಲ್ಲಿಗೆ ಬಿಸಿಲು ಬೇಕು, ಮರ ನೆಟ್ರೆ ನೆರಳು ಬಿದ್ದು ಹುಲ್ಲು ಹೋಗುತ್ತೆ, ಹುಲ್ಲಿನ ಜೊತೆ ನೆಲದಲ್ಲಿ ಗೂಡು ಕಟ್ಟೋ ಹಕ್ಕಿ, ಮೊಲ, ಮಳೆಗಾಲದಲ್ಲಿ ಗಡ್ಡೆಯಿಂದ ಎದ್ದು ಬರೋ ನೆಲದ ಆರ್ಕಿಡ್‌ಗಳು ಎಲ್ಲಾ ಹೋಗ್ತವೆ. ಚಳಿಗಾಲದಲ್ಲಿ ಅಲ್ಲಿಗೆ ಬಂದಿಳಿಯೋ ಬೇಟೆ ಹಕ್ಕಿಗಳಿಗೂ ತೆರೆದ ಬಯಲೇ ಬೇಕು. ಹುಲ್ಲಿನ ಬೇರು ನೀರನ್ನ ಹಿಡಿದು ನಿಧಾನಕ್ಕೆ ಬಿಡುತ್ತೆ, 1894ರಲ್ಲಿ ಇಡೀ ಊರಿಗೆ ನೀರು ಕೊಡೋಕೆ ಕಟ್ಟಿದ ಹೆಸರಘಟ್ಟ ಕೆರೆ ಇರೋದೂ ಅದೇ ಬಯಲಿನ ಪಕ್ಕದಲ್ಲಿ.

ಹುಲ್ಲು ಅಂದ್ರೆ ಒಂದೇ ಥರ ಅಲ್ಲ. ಪ್ಯಾಂಟಿಗೆ ಚುಚ್ಕೊಂಡು ಮನೆವರೆಗೂ ಬರೋ ಹುಲ್ಲಿನ ಬೀಜ ಇದೆಯಲ್ಲ, ಹೆಟಿರೋಪೋಗನ್ ಅದರ ಹೆಸ್ರು, ಬೀಜದ ಉದ್ದ ಬಾಲ ಒದ್ದೆ ಆದಾಗ ಬಿಚ್ಕೊಂಡು ಒಣಗಿದಾಗ ಸುತ್ಕೊಂಡು ಬೀಜಾನ ತಿರುಪು ಥರ ಮಣ್ಣೊಳಗೆ ಇಳಿಸುತ್ತೆ. ಉಜ್ಜಿದ್ರೆ ನಿಂಬೆ ವಾಸನೆ ಬರೋ ಹುಲ್ಲಿದೆ, ಅಕ್ಟೋಬರ್ ಸಂಜೆ ಬಿಸಿಲಿಗೆ ಕೆಂಪಗೆ ಕಾಣೋ ಹುಲ್ಲಿದೆ. ನಮ್ ಸರ್ಕಾರಿ ಕಾಗದದಲ್ಲಿ ಬಹಳ ಕಾಲದಿಂದ ಇಂಥ ಜಾಗಗಳು ಬಂಜರು, ಖರಾಬು ಅಂತ ಬರ್ಕೊಂಡು ಬಂದಿವೆ, ಗೋಮಾಳಗಳು ಹೋಗಿದ್ದೂ ಹೀಗೇ. ಮರ ನೆಡೋ ಆಸೆ ಇರೋರು ಮರ ಇದ್ದು ಹೋದ ಕಡೆ ನೆಡಿ, ಒಣಗ್ತಿರೋ ಗುಂಡುತೋಪು ಎಷ್ಟೋ ಇವೆ, ಅಲ್ಲಿ ಮಾವು ನೇರಳೆ ಹೊಂಗೆ ಹಾಕಿ ಎರಡು ಬೇಸಿಗೆ ನೀರು ಹಾಕಿ.

ಗೋಡೆ ಬಿರುಕಲ್ಲಿ ಅರಳಿ ಗಿಡ ಹುಟ್ಟಿದೆ, ಯಾಕೆ ಅಲ್ಲೇ ಬರುತ್ತೆ?

ಅರಳಿ, ಆಲ, ಗೋಣಿ ಈ ಜಾತಿ ಮರಗಳು ಕಾಡಲ್ಲೂ ನೆಲದಲ್ಲಿ ಶುರು ಆಗೋದು ಕಮ್ಮಿ. ಹಕ್ಕಿ, ಬಾವಲಿ ಹಣ್ಣು ತಿಂದು ಬೇರೆ ಮರದ ಕವಲಲ್ಲಿ, ಬಂಡೆ ಸಂದಿಲಿ ಹಿಕ್ಕೆ ಹಾಕ್ತವೆ, ಬೀಜ ಅಲ್ಲೇ ಮೊಳೆತು ಬೇರು ಕೆಳಗೆ ಇಳಿಸುತ್ತೆ. ಅದಕ್ಕೆ ನಿಮ್ಮ ಮೂರನೇ ಮಹಡಿ ಗೋಡೇನೂ ಒಂದು ಬಂಡೆನೇ. ಚಿಕ್ಕದಿರೋವಾಗ ಗೋಡೆ ಒದ್ದೆ ಮಾಡಿ ಬೇರು ಸಮೇತ ಬಿಡಿಸಿ, ಕುಂಡಕ್ಕೆ ಹಾಕಿ ಬೆಳೆಸಿ ಆಮೇಲೆ ಕೆರೆ ಏರಿ ಹತ್ರಾನೋ ಪಾರ್ಕ್ ಅಂಚಲ್ಲೋ ಹಾಕ್ಬಹುದು, ಕೇಳ್ಕೊಂಡು ಹಾಕಿ. ಆಲದ ಮರ ಎಷ್ಟು ಜಾಗ ತಗೊಳ್ಳುತ್ತೆ ಅಂತ ಗೊತ್ತಾಗ್ಬೇಕಂದ್ರೆ ಕೇತೋಹಳ್ಳಿಯ ದೊಡ್ಡ ಆಲದ ಮರ ನೋಡ್ಕೊಂಡು ಬನ್ನಿ, ಒಂದೇ ಮರ ಸುಮಾರು ಮೂರು ಎಕರೆ.

ಕೆರೆ ತುಂಬಾ ಹಸಿರು ಇದೆ, ಅದು ಆರೋಗ್ಯದ ಲಕ್ಷಣ ಅಲ್ವಾ?

ಹಸಿರು ಯಾವ್ದು ಅಂತ ನೋಡ್ಬೇಕು. ನೇರಳೆ ಹೂ ಬಿಟ್ಟು ನೀರೇ ಕಾಣದ ಹಾಗೆ ತೇಲ್ತಿರೋದು ವಾಟರ್ ಹಯಾಸಿಂತ್, ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯದು. ಊಟ ಜಾಸ್ತಿ ಸಿಕ್ರೆ ಎರಡು ವಾರದಲ್ಲಿ ಡಬಲ್ ಆಗುತ್ತೆ, ಆ ಊಟ ನಮ್ ಚರಂಡಿ ನೀರಲ್ಲಿರೋ ಸಾರಜನಕ, ರಂಜಕ. ಅಂದ್ರೆ ಯಂತ್ರ ತಂದು ಎಷ್ಟು ಸಲ ತೆಗೆದ್ರೂ ರಾಜಕಾಲುವೇಲಿ ಕೊಳಚೆ ಬರೋದು ನಿಲ್ಲೋವರೆಗೂ ವಾಪಸ್ ಬರುತ್ತೆ. ನೀರು ಚೆನ್ನಾಗಿರೋ ಕೆರೆ ಅಂಚಲ್ಲಿ ಜಂಬು ನಿಂತಿರುತ್ತೆ, ಅದರೊಳಗೆ ನೀರುಕೋಳಿ ಗೂಡು, ಆಳ ಕಮ್ಮಿ ಇರೋ ಕಡೆ ನೈದಿಲೆ, ಒದ್ದೆ ಮಣ್ಣಲ್ಲಿ ಹೊನಗೊನ್ನೆ, ಒಂದೆಲಗ, ನೀರು ಬ್ರಾಹ್ಮಿ. ಕೆರೆ ಅಭಿವೃದ್ಧಿ ಅಂತ ಸುತ್ತಲೂ ಕಲ್ಲು ಕಟ್ಟಿ ನೇರ ಇಳಿಜಾರು ಮಾಡಿದ್ರೆ ಈ ಗಿಡಗಳಿಗೆ ನಿಲ್ಲೋಕೆ ಜಾಗಾನೇ ಇರಲ್ಲ. ಅವಕ್ಕೆ ಬೇಕಾಗಿರೋದು ಮಳೆಗಾಲದಲ್ಲಿ ಮುಳುಗಿ ಬೇಸಿಗೇಲಿ ಒಣಗೋ ಹಳೇ ಕೆರೆ ಅಂಗಳ.

ಲಂಟಾನಾ, ಕಾಂಗ್ರೆಸ್ ಗಿಡ ಇವನ್ನ ಏನು ಮಾಡೋದು?

ಕಾಂಗ್ರೆಸ್ ಗಿಡ ಅಂದ್ರೆ ಪಾರ್ಥೇನಿಯಂ, 1950ರ ದಶಕದ ಮಧ್ಯದಲ್ಲಿ ಪುಣೆ ಹತ್ರ ಕಂಡಿದ್ದು ಇವತ್ತು ದೇಶಾದ್ಯಂತ ಇದೆ. ಮೈ ತುರಿಕೆ, ಚರ್ಮದ ಅಲರ್ಜಿ, ಕೆಲವರಿಗೆ ಉಬ್ಬಸ. ಅದನ್ನ ತಿನ್ನೋ ಒಂದು ಜೀರುಂಡೆನ ಮೆಕ್ಸಿಕೋಯಿಂದ ತಂದು 1984ರಲ್ಲಿ ಮೊದಲು ಬಿಟ್ಟಿದ್ದು ನಮ್ ಬೆಂಗಳೂರಲ್ಲೇ, ಮಳೆಗಾಲದಲ್ಲಿ ಗಿಡದ ಎಲೆ ಜರಡಿ ಆಗಿದ್ರೆ ಹತ್ರ ನೋಡಿ, ಬಿಳಿ ಮೈ ಮೇಲೆ ಕಪ್ಪು ಗೆರೆ ಇರೋ ಹುಳ ಕಾಣುತ್ತೆ. ಕೀಳೋದಾದ್ರೆ ಹೂ ಬಿಡೋಕೆ ಮುಂಚೆ, ಮಣ್ಣು ಒದ್ದೆ ಇರೋವಾಗ, ಗ್ಲೌಸ್ ಹಾಕ್ಕೊಂಡು.

ಲಂಟಾನಾ ಕಷ್ಟದ್ದು. 19ನೇ ಶತಮಾನದ ಶುರುವಲ್ಲಿ ಚೆಂದದ ಹೂ ಅಂತ ಕಲ್ಕತ್ತಾದ ತೋಟಕ್ಕೆ ತಂದಿದ್ದು, ಹಕ್ಕಿಗಳು ಹಣ್ಣು ತಿಂದು ಎಲ್ಲಾ ಕಡೆ ಹರಡಿದ್ವು. ಈಗ ಬನ್ನೇರುಘಟ್ಟ, ಬಂಡೀಪುರ, ಬಿಆರ್ ಹಿಲ್ಸ್ ಎಲ್ಲಾ ಕಡೆ ಮರದ ಕೆಳಗೆ ಅದೇ, ಹುಲ್ಲು ಬೆಳೆಯೋಕೆ ಬಿಡಲ್ಲ, ಜಿಂಕೆ ಆನೆಗೆ ಮೇವಿಲ್ಲ, ಬೇಸಿಗೇಲಿ ಬೆಂಕಿ ಬಿದ್ರೆ ಮರದ ಎತ್ತರಕ್ಕೆ ಉರಿಯುತ್ತೆ. ಮೇಲಿಂದ ಮಚ್ಚಲ್ಲಿ ಕಡಿದ್ರೆ ಇನ್ನೂ ದಟ್ಟವಾಗಿ ಚಿಗುರುತ್ತೆ. ಬುಡದ ಸುತ್ತ ಸ್ವಲ್ಪ ಮಣ್ಣು ಬಿಡಿಸಿ ಎರಡು ಬೆರಳು ಕೆಳಗೆ ತಾಯಿಬೇರು ಕತ್ತರಿಸಿ, ಗಿಡಾನ ತಲೆಕೆಳಗೆ ಮಾಡಿ ಒಣಗಿಸ್ಬೇಕು, ಆಮೇಲೆ ಆ ಜಾಗಕ್ಕೆ ಹುಲ್ಲು ಬರೋ ಹಾಗೆ ನೋಡ್ಕೋಬೇಕು, ಇಲ್ಲಾಂದ್ರೆ ಮಣ್ಣಲ್ಲಿರೋ ಬೀಜ ಮತ್ತೆ ಏಳುತ್ತೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನಾ ಕಡ್ಡಿಲಿ ಕುರ್ಚಿ, ಬುಟ್ಟಿ ಮಾಡ್ತಾರೆ, ಗಟ್ಟಿ ಇರುತ್ತೆ, ಸಿಕ್ರೆ ತಗೊಳ್ಳಿ.

ನೀಲಗಿರಿ ಬಗ್ಗೆ ಒಂದೇ ಮಾತು: ಟಿಪ್ಪು ಕಾಲದಲ್ಲಿ ನಂದಿ ಬೆಟ್ಟಕ್ಕೆ ಬಂತು ಅಂತಾರೆ, ಆಮೇಲೆ ಕೋಲಾರ, ಬೆಂಗಳೂರು ಗ್ರಾಮಾಂತರ ತುಂಬಾ ಹರಡ್ತು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ಹಾಕೋದನ್ನ ನಿಷೇಧ ಮಾಡ್ತು.

ಗೌರಿ ಹೂವಿನ ಗಡ್ಡೆ ಬೆಟ್ಟದಿಂದ ಕಿತ್ತು ತರಬಹುದಾ?

ತರಬೇಡಿ. ಬೆಂಕಿ ಜ್ವಾಲೆ ಥರ ಹಳದಿ ಕೆಂಪು ಎಸಳಿನ ಈ ಬಳ್ಳಿ ಗೌರಿ ಹಬ್ಬದ ಆಸುಪಾಸಲ್ಲಿ ಬೇಲಿಗಳ ಮೇಲೆ, ಕುರುಚಲು ಕಾಡಲ್ಲಿ ಹೂ ಬಿಡುತ್ತೆ, ಎಲೆ ತುದೀನೇ ಸುರುಳಿ ಮಾಡ್ಕೊಂಡು ಹತ್ತುತ್ತೆ, ಮಳೆ ಹೋದ್ಮೇಲೆ ಮೇಲಿನ ಭಾಗ ಒಣಗಿ ಗಡ್ಡೆ ಮಾತ್ರ ಮಣ್ಣಲ್ಲಿ ಉಳಿಯುತ್ತೆ. ಔಷಧಿಗೆ ಅಂತ ಕಿತ್ತು ಕಿತ್ತು ಎಷ್ಟೋ ಕಡೆ ಕಮ್ಮಿ ಆಗಿದೆ. ಇನ್ನೊಂದು, ಇಡೀ ಗಿಡದಲ್ಲಿ ಕೋಲ್ಚಿಸಿನ್ ಅನ್ನೋ ವಿಷ ಇದೆ, ಗಡ್ಡೆಲಿ ಜಾಸ್ತಿ, ಗೆಣಸು ಅಂತ ತಿಂದು ಪ್ರಾಣ ಹೋಗಿರೋ ಉದಾಹರಣೆ ಇವೆ. ಮನೇಲಿ ಮಕ್ಕಳು, ನಾಯಿ ಇದ್ರೆ ನರ್ಸರಿಯಿಂದಾನೂ ಬೇಡ.

ಮಲೆನಾಡಿಂದ ಆರ್ಕಿಡ್ ತಂದ್ರೆ ಬಾಲ್ಕನೀಲಿ ಬದುಕುತ್ತಾ?

ಬಹುಪಾಲು ಸಾಯುತ್ತೆ, ನಿಧಾನಕ್ಕೆ. ಸೀತಾಳೆ ದಂಡೆ ಥರದ ಆರ್ಕಿಡ್‌ಗಳು ಮರದ ತೊಗಟೆ ಹಿಡ್ಕೊಂಡಿರ್ತವೆ ಅಷ್ಟೇ, ಬಂದಳಿಕೆ ಹಾಗೆ ಮರದ ರಸ ಹೀರಲ್ಲ, ಗಾಳೀಲಿರೋ ತೇವ, ತೊಗಟೆ ಮೇಲೆ ಹರಿಯೋ ಮಳೆ ನೀರು ಅದರ ಆಹಾರ. ಅದರ ಬೀಜ ಧೂಳಿನಷ್ಟು ಸಣ್ಣ, ಒಳಗೆ ಬುತ್ತಿ ಇಲ್ಲ, ಒಂದು ಬಗೆಯ ಶಿಲೀಂಧ್ರ ಸಿಕ್ಕಿದ್ರೆ ಮಾತ್ರ ಮೊಳೆಯುತ್ತೆ. ಇಷ್ಟೆಲ್ಲಾ ಕೂಡಿ ಬಂದ ಗಿಡಾನ ಹೋಂಸ್ಟೇ ಪಕ್ಕದ ಮರದಿಂದ ಕಿತ್ತು ಡಿಕ್ಕಿಗೆ ಹಾಕ್ಕೊಂಡು ಬರೋದು ನಂಗೆ ನೋಡಕ್ಕಾಗಲ್ಲ. ಅರಣ್ಯದಿಂದ ಕಿತ್ರೆ ಕಾನೂನು ಪ್ರಕಾರಾನೂ ತಪ್ಪು. ಬೆಂಗಳೂರು ಸುತ್ತಲೂ ಬಯಲು ಸೀಮೆ ಆರ್ಕಿಡ್ ಇವೆ, ಹಳೇ ಮಾವು, ಹುಣಸೆ ಕೊಂಬೆ ಮೇಲೆ ವಾಂಡಾ ಸಿಗುತ್ತೆ, ತಲೆ ಎತ್ತಿ ನೋಡ್ತಾ ನಡೀರಿ.

ನೀಲಕುರಿಂಜಿ ನಂದಿ ಬೆಟ್ಟದಲ್ಲಿ ಯಾಕಿಲ್ಲ?

ನಂದಿ 1478 ಮೀಟರ್, ಎತ್ತರ ಸಾಕು ಅನ್ಸುತ್ತೆ. ಆದ್ರೆ ಆ ಗಿಡಕ್ಕೆ ಎತ್ತರದ ಜೊತೆ ಶೋಲಾ ಕಾಡಿನ (ಘಟ್ಟದ ಮೇಲಿನ ಕಣಿವೆಗಳಲ್ಲಿರೋ ಕುಳ್ಳ ಮರಗಳ ಕಾಡು) ಪಕ್ಕದ ಹುಲ್ಲಿನ ಇಳಿಜಾರು, ಘಟ್ಟದ ಮಳೆ ಮಂಜು ಬೇಕು. 12 ವರ್ಷಕ್ಕೊಂದು ಸಲ ಒಟ್ಟಿಗೆ ಹೂ ಬಿಟ್ಟು ಬೀಜ ಮಾಡಿ ಸಾಯುತ್ತೆ, ಮುನ್ನಾರಲ್ಲಿ 2006, ಆಮೇಲೆ 2018. ಅದೇ ಕುಲದ ಬೇರೆ ಜಾತಿಗಳಿಗೆ ಬೇರೆ ಬೇರೆ ಲೆಕ್ಕ, ಎಲ್ಲಾದ್ರೂ ನೀಲಿ ಹೂ ಕಂಡ ತಕ್ಷಣ 12 ವರ್ಷದ್ದು ಅಂತ ಸುದ್ದಿ ಹಬ್ಬಿಸ್ಬೇಡಿ.

ಶ್ರೀಗಂಧ ಒಂದನ್ನೇ ಕುಂಡದಲ್ಲಿ ಹಾಕಿದ್ರೆ ಸೊರಗುತ್ತೆ, ಯಾಕೆ?

ಅದು ಅರ್ಧ ಪರಾವಲಂಬಿ. ಎಲೇಲಿ ಆಹಾರ ಮಾಡ್ಕೊಂಡ್ರೂ ಬೇರು ಪಕ್ಕದ ಗಿಡದ ಬೇರಿಗೆ ಕಚ್ಕೊಂಡು ನೀರು, ಲವಣ ತಗೊಳ್ಳುತ್ತೆ. ಸಣ್ಣ ಸಸಿ ಪಕ್ಕ ತೊಗರಿ ಹಾಕಿ, ದೊಡ್ಡದಾದ್ಮೇಲೆ ಹೊಂಗೆ ಇರ್ಲಿ. ನಿಮ್ ಜಾಗದಲ್ಲಿ ಹುಟ್ಟಿದ್ದು ನಿಮ್ದೇ, 2001ರಲ್ಲಿ ಕಾನೂನು ತಿದ್ದುಪಡಿ ಆಯ್ತು, ಕಡಿಯೋಕೆ ಮಾರೋಕೆ ಮಾತ್ರ ಅರಣ್ಯ ಇಲಾಖೆಗೆ ಹೋಗ್ಬೇಕು.

ಬೆರಕೆ ಸೊಪ್ಪು ನಾವೇ ಕಿತ್ತು ತಿನ್ನಬಹುದಾ?

ಗೊತ್ತಿರೋರ ಜೊತೆ ಹೋಗಿ ಕಲೀರಿ. ಮಳೆ ಬಿದ್ಮೇಲೆ ರಾಗಿ ಹೊಲದ ಬದುವಲ್ಲಿ ಅಣ್ಣೆ, ಗಣಿಕೆ, ದಗ್ಗಲಿ, ಹೊನಗೊನ್ನೆ, ಕನ್ನೆ, ಗೋಣಿ ಸೊಪ್ಪು ಎಲ್ಲಾ ಒಟ್ಟಿಗೆ ಬರ್ತವೆ, ಹೊಸಕೋಟೆ, ದೊಡ್ಡಬಳ್ಳಾಪುರ, ಮಾಗಡಿ ಕಡೆ ಅಜ್ಜಿಯರು ಮಡಿಲು ತುಂಬಾ ಕಿತ್ತು ತಂದು ಮಸ್ಸೊಪ್ಪು ಮಾಡ್ತಾರೆ, ಮುದ್ದೆಗೆ ಅದರ ಮುಂದೆ ಇನ್ಯಾವ್ದೂ ಇಲ್ಲ. ಅವರು ಯಾವ ಎಲೆ ಬಿಡ್ತಾರೆ ಅಂತ ಗಮನಿಸಿ, ಕೀಳೋದಕ್ಕಿಂತ ಅದು ಮುಖ್ಯ. ಗಣಿಕೆಯ ಹಸಿರು ಕಾಯಿ ತಿನ್ಬೇಡಿ. ರೋಡ್ ಪಕ್ಕ, ಚರಂಡಿ ಪಕ್ಕ, ಕೊಳಚೆ ನೀರಿನ ಕೆರೆ ಅಂಚಲ್ಲಿ ಎಷ್ಟು ಚೆನ್ನಾಗಿ ಬೆಳೆದಿದ್ರೂ ಬೇಡ, ಸೊಪ್ಪುಗಳು ಸೀಸದಂಥ ಭಾರ ಲೋಹಗಳನ್ನ ಎಲೆಗೆ ಎಳ್ಕೊಳ್ತವೆ. ಕಳೆನಾಶಕ ಹೊಡೆದಿರೋ ಹೊಲಾನೂ ಬೇಡ.

ಮನೆ ಮುಂದೆ ಇಷ್ಟೇ ಇಷ್ಟು ಜಾಗ ಇದೆ, ಏನು ಹಾಕ್ಲಿ?

ಬಿಸಿಲು ಇದ್ರೆ ಆವರಿಕೆ, ಹಳದಿ ಹೂ ವರ್ಷದಲ್ಲಿ ಬಹಳ ಕಾಲ ಇರುತ್ತೆ, ಎಮಿಗ್ರಂಟ್ ಚಿಟ್ಟೆಗಳು ಅದರ ಎಲೆ ಮೇಲೆ ಮೊಟ್ಟೆ ಇಡ್ತವೆ. ಬೇಲಿಗೆ ಬಂದರಿಕೆ ಇಲ್ಲಾ ಲಕ್ಕಿ. ಕುಂಡಕ್ಕೆ ತುಂಬೆ, ಒಂದೆಲಗ, ಕರಿಬೇವು. ಮೂಲೇಲಿ ತಾನಾಗೇ ಹುಟ್ಟಿದ ಎಕ್ಕ ಇದ್ರೆ ಬಿಟ್ಬಿಡಿ, ಪ್ಲೇನ್ ಟೈಗರ್ ಚಿಟ್ಟೆ ಹುಳಕ್ಕೆ ಅದೇ ಊಟ, ಹಾಲು ಕಣ್ಣಿಗೆ ತಾಗದ ಹಾಗೆ ನೋಡ್ಕೊಳ್ಳಿ. ಎಲೆ ತೂತಾದ್ರೆ ಔಷಧಿ ಹೊಡೀಬೇಡಿ, ತೂತಾಗೋಕೇ ಹಾಕಿರೋದು.

ಬೀಜ ಶೇಖರಿಸೋದಾದ್ರೆ ನಿಮ್ ಮನೆ ಹತ್ತಿರದ ಮರದಿಂದಾನೇ ತಗೊಳ್ಳಿ, ಒಂದೇ ಮರದ್ದು ಬೇಡ, ನಾಲ್ಕೈದು ಮರದಿಂದ ಸ್ವಲ್ಪ ಸ್ವಲ್ಪ, ಉಳಿದಿದ್ದು ಹಕ್ಕಿಗೆ ಇಲಿಗೆ ಮಣ್ಣಿಗೆ ಇರ್ಲಿ. ಕಕ್ಕೆ, ಆವರಿಕೆ ಬೀಜದ ಸಿಪ್ಪೆ ಗಟ್ಟಿ, ಬಿಸಿ ನೀರಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟು ಬಿತ್ತಿ. ಹೊಂಗೆಗೆ ಅದೇನೂ ಬೇಡ, ಹೊಸ ಬೀಜ ಹಾಗೇ ಹಾಕಿ.

ಹೆಸ್ರು ಗೊತ್ತಿಲ್ಲದ ಗಿಡ ಸಿಕ್ರೆ?

ಹೂ ಒಂದನ್ನೇ ತೆಗೆದ್ರೆ ಯಾರಿಗೂ ಹೇಳಕ್ಕಾಗಲ್ಲ. ಇಡೀ ಗಿಡ, ಎಲೆ ಕಾಂಡಕ್ಕೆ ಹೇಗೆ ಸೇರಿದೆ, ಎಲೆಯ ಹಿಂಭಾಗ, ಕಾಯಿ, ತೊಗಟೆ, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಅದು ನಿಂತಿರೋ ಜಾಗದ ಒಂದು ಫೋಟೋ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಅನ್ನೋ ಎರಡು ವೆಬ್‌ಸೈಟಲ್ಲೂ ಹಾಕಿ, ಬಲ್ಲೋರು ತಿದ್ದುತಾರೆ. ಆರ್ಕಿಡ್, ಗಂಧ ಇಂಥವಾದ್ರೆ ಲೊಕೇಶನ್ ಮರೆಮಾಡಿ, ಕಳ್ಳರೂ ಅದೇ ನಕ್ಷೆ ನೋಡ್ತಾರೆ. ಮನೆ ಮುಂದಿನ ಒಂದೇ ಮರ ವಾರ ವಾರ ನೋಡಿ ಚಿಗುರು, ಹೂ, ಕಾಯಿ ಬರೆದಿಡೋ ಆಸೆ ಇದ್ರೆ ಸೀಸನ್‌ವಾಚ್ ಇದೆ, ಶಾಲೆ ಮಕ್ಕಳು ಬಹಳ ಚೆನ್ನಾಗಿ ಮಾಡ್ತಾರೆ.

ಯಾವಾಗ ಹೋದ್ರೆ ಒಳ್ಳೇದು?

ಫೆಬ್ರವರಿಲಿ ಮುತ್ತುಗ, ಯುಗಾದಿ ಹೊತ್ತಿಗೆ ಹೊಂಗೆ ಬೇವು, ಮೇವರೆಗೆ ಕಕ್ಕೆ. ಬಂಡೆಗೆ ಜೂನ್ ಜುಲೈ. ಹುಲ್ಲುಗಾವಲಿಗೆ ಆಗಸ್ಟಿಂದ ಅಕ್ಟೋಬರ್. ಬನ್ನೇರುಘಟ್ಟ, ಸಾವನದುರ್ಗದ ಕಾಡಿನೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹೋಗ್ಬೇಡಿ, ಆನೆ ಓಡಾಡೋ ಜಾಗ.

ನಮ್ ಲೇಔಟಲ್ಲಿ ಮರ ಕಡೀತಿದಾರೆ, ಖಾಲಿ ಸೈಟ್ ಜೆಸಿಬಿ ತಂದು ಕ್ಲೀನ್ ಮಾಡ್ತಿದಾರೆ, ಏನು ಮಾಡೋದು?

ಮರಕ್ಕೆ ಕಾನೂನಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕೆಲವು ಜಾತಿ ಬಿಟ್ಟು ಉಳಿದಿದ್ದಕ್ಕೆ ಸ್ವಂತ ಜಾಗದಲ್ಲೂ ವೃಕ್ಷ ಅಧಿಕಾರಿ ಅನುಮತಿ ಬೇಕು. ಮೊದಲು ಅನುಮತಿ ಪತ್ರ ತೋರ್ಸಿ ಅಂತ ಕೇಳಿ, ಇಲ್ಲ ಅಂದ್ರೆ ಫೋಟೋ, ಟೈಮ್, ಜಾಗ ಸಮೇತ ಪಾಲಿಕೆಯ ಅರಣ್ಯ ವಿಭಾಗಕ್ಕೆ ದೂರು ಕೊಡಿ.

ತುಂಬೆ ಉತ್ತರಾಣಿಗೆ ಕಾನೂನಿಲ್ಲ. ಅಲ್ಲಿ ಮಾತಾಡೇ ಒಪ್ಪಿಸ್ಬೇಕು. ಹಾವು ಸೊಳ್ಳೆ ಅಂತ ಭಯ ಬೀಳೋ ಅಕ್ಕಪಕ್ಕದೋರಿಗೆ ನಾನು ಹೇಳೋದು ಇಷ್ಟು: ಕಸ ಬಿದ್ರೆ ಇಲಿ ಬರುತ್ತೆ, ಇಲಿ ಹಿಂದೆ ಹಾವು ಬರುತ್ತೆ, ನಿಂತ ನೀರಲ್ಲಿ ಸೊಳ್ಳೆ ಬರುತ್ತೆ, ಮೊದಲು ಕಸ ತೆಗೆಸಿ ನೀರು ನಿಲ್ಲದ ಹಾಗೆ ಮಾಡಿ. ನಡೆಯೋ ದಾರಿ ಪಕ್ಕ ಒಂದು ಮಾರು ಅಗಲ ಕತ್ತರಿಸಿ, ಕಾಂಗ್ರೆಸ್ ಗಿಡ ಇದ್ರೆ ಬೇರು ಸಮೇತ ಕೀಳಿಸಿ, ಉಳಿದಿದ್ದನ್ನ ನವೆಂಬರಲ್ಲಿ ಬೀಜ ಉದುರೋವರೆಗೂ ಬಿಡ್ಸಿ. ನಮ್ ಬೀದಿ ಕೊನೇ ಸೈಟಿನ ಓನರ್ ಹೀಗೇ ಒಪ್ಕೊಂಡ್ರು, ಆಗಸ್ಟಿಂದ ಅಲ್ಲಿ ತುಂಬೆ ಹೂವಿಗೆ ಜೇನು ಬರ್ತಿವೆ.